ಬೇಲಿಯಲ್ಲೊಂದು ಗಂಡಿ

ವಿಡಿಯೋ ಕಾಲ್‌ನಲ್ಲಿ ಅಪ್ಪ ಮೊದಲು ಕೇಳಿದ್ದು ಸಮುದ್ರದ ಬಗ್ಗೆ ಅಲ್ಲ.

"ಅದೇನ್ಲಾ ಅದು, ಅಷ್ಟೊಂದು ಹುಲ್ಲು? ಒಂದು ಕುರೀನೂ ಕಾಣಲ್ವಲ್ಲ?"

ನಾನಾಗ ಕ್ಯಾಲಿಫೋರ್ನಿಯಾದಲ್ಲಿದ್ದೆ. ಪೆಬಲ್ ಬೀಚ್ ಅನ್ನೋ ಗಾಲ್ಫ್ ಮೈದಾನದ ಅಂಚಿನಲ್ಲಿ ಫೋನ್ ಹಿಡಿದು ನಿಂತಿದ್ದೆ. ನನಗೆ ಸಂಜೆ ಐದು, ಅಪ್ಪನಿಗೆ ಬೆಳಗಿನ ಜಾವ ಐದೂವರೆ. ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿ, ಪಾವಗಡದ ಕಡೆ ಹೋಗುವಾಗ ಸಿಗುತ್ತೆ. ಅಪ್ಪ ಆಗ ತಾನೇ ಎದ್ದು ಜಗಲಿ ಮೇಲೆ ಕೂತಿದ್ದ. ಹಿಂದೆ ಕೋಳಿ ಕೂಗೋದು ಕೇಳಿಸ್ತಿತ್ತು. ನನ್ನ ಕಡೆಯಿಂದ ಪೆಸಿಫಿಕ್ ಸಾಗರ ಕೂಗ್ತಿತ್ತು.

"ಇದು ಮೇಯಿಸೋ ಹುಲ್ಲಲ್ಲಪ್ಪಾ, ಆಟ ಆಡೋ ಹುಲ್ಲು," ಅಂದೆ.

"ಆಟಕ್ಕೆ ಇಷ್ಟು ಜಾಗವಾ?" ಅಂದು ಅಪ್ಪ ಸುಮ್ಮನಾದ. ಬೈದದ್ದೂ ಅಲ್ಲ, ಮೆಚ್ಚಿದ್ದೂ ಅಲ್ಲ. ಎಕರೆ ಲೆಕ್ಕ ಹಾಕ್ತಿದ್ದ ಅನ್ಸುತ್ತೆ.

ಆ ಜಾಗ ಹೇಗಿದೆ ಅಂತ ಸ್ವಲ್ಪ ಹೇಳ್ಬೇಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಮಾಂಟೆರೆ ಅನ್ನೋ ಊರು. ಅದರ ಪಕ್ಕದ ಭೂಶಿರದ ಸುತ್ತ '17 ಮೈಲ್ ಡ್ರೈವ್' ಅನ್ನೋ ಖಾಸಗಿ ರಸ್ತೆ ಇದೆ. ಕಾರಿಗೆ ಸುಮಾರು 12 ಡಾಲರ್ ಕೊಟ್ಟು ಒಳಗೆ ಹೋಗ್ಬೇಕು. ಸೈಕಲ್‌ನವರಿಗೆ, ನಡ್ಕೊಂಡು ಬರೋರಿಗೆ ದುಡ್ಡಿಲ್ಲ. ದಾರಿಯುದ್ದಕ್ಕೂ ಸೈಪ್ರೆಸ್ ಮರಗಳು, ಕರಿ ಬಂಡೆಗಳು, ಬಂಡೆ ಮೇಲೆ ಸೋಮಾರಿಗಳ ಹಾಗೆ ಬಿದ್ದುಕೊಂಡ ಸೀಲ್‌ಗಳು. ಆಮೇಲೆ ಗಾಲ್ಫ್ ಮೈದಾನ. 1919ರಲ್ಲಿ ಶುರುವಾದದ್ದು. ಕಡಲ ಮೇಲೆ ಎದ್ದು ನಿಂತ ಬಂಡೆಗೋಡೆಯ ತುದಿ ತನಕ ಹುಲ್ಲು ಹಾಸಿದ್ದಾರೆ. ಏಳನೇ ಗುಂಡಿ ಇರೋದು ಸಮುದ್ರಕ್ಕೆ ಚಾಚಿದ ಮೂತಿಯ ಮೇಲೆ. ಚೆಂಡು ಹೊಡೆಯೋ ಜಾಗದಿಂದ ಅದಕ್ಕೆ ನೂರು ಗಜ ಚಿಲ್ಲರೆ, ಗಾಳಿ ಎದ್ದರೆ ಚೆಂಡು ನೀರಿಗೆ. ಎಂಟನೆಯದರಲ್ಲಿ ಕಮರಿ ದಾಟಿಸಿ ಹೊಡೀಬೇಕು. ಹದಿನೆಂಟನೆಯದು ಅಲೆಗಳ ಪಕ್ಕದಲ್ಲೇ ಬಾಗಿ ಬಾಗಿ ಬರುತ್ತೆ. ನನಗೆ ಗಾಲ್ಫ್ ಆಡೋಕೆ ಬರಲ್ಲ, ಟೀವಿಯಲ್ಲಿ ಬಂದರೂ ಚಾನೆಲ್ ಬದಲಾಯಿಸ್ತೀನಿ. ಆದ್ರೂ ಅಲ್ಲಿ ನಿಂತಾಗ ಹತ್ತು ನಿಮಿಷ ಬಾಯಿ ಬರಲಿಲ್ಲ. ನನ್ನ ಜೊತೆ ಬಂದಿದ್ದ ಸಹೋದ್ಯೋಗಿಯ ಕ್ಯಾಮೆರಾ ಕೂಡ ಸುಮ್ಮನಿತ್ತು, ಅದು ಅಪರೂಪ.

ಒಂದು ಸುತ್ತು ಆಡೋಕೆ 600 ಡಾಲರ್‌ಗೂ ಮೇಲೆ. ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ದಾಟುತ್ತೆ. ಇದು ಮೆಂಬರ್‌ಗಳಿಗೆ ಮಾತ್ರ ಮೀಸಲಾದ ಕ್ಲಬ್ ಅಲ್ಲ, 'ಸಾರ್ವಜನಿಕ' ಮೈದಾನ ಅಂತ ಎಲ್ಲ ಕಡೆ ಬರ್ಕೊಂಡಿದ್ದಾರೆ. ಅಂದ್ರೆ 600 ಡಾಲರ್ ಇರೋ ಸಾರ್ವಜನಿಕರು.

ಒಳಗೆ ಒಂದು ಸಿಟ್ಟು ಏಳೋದಕ್ಕೆ ಇಷ್ಟು ಸಾಕಾಗಿತ್ತು. ಬಯಲುಸೀಮೆಯವರಿಗೆ ಹಸಿರು ಕಂಡ್ರೆ ಮೊದಲು ಖುಷಿ, ಅದರ ಬೆನ್ನಿಗೇ ಲೆಕ್ಕ: ಇದಕ್ಕೆ ನೀರೆಲ್ಲಿಂದ? ಕೇಳಿದೆ. 1994ರಿಂದ ಅಲ್ಲಿನ ಮೈದಾನಗಳಿಗೆ ಹರಿಸೋದು ಕೊಳಚೆ ನೀರನ್ನು ಶುದ್ಧ ಮಾಡಿ ಕೊಟ್ಟದ್ದಂತೆ, ಆ ಸೀಮೆಯ ಕುಡಿಯೋ ನೀರಿಗೇ ಬರ ಇದ್ದಿದ್ದರಿಂದ. ನಮ್ಮಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಡೋಕೆ ಶುರು ಮಾಡಿದ್ದು 2018ರಲ್ಲಿ. ಸರಿ, ನೀರಿನ ವಿಷಯದಲ್ಲಿ ನನ್ನ ಸಿಟ್ಟಿಗೆ ಆಧಾರ ಸಿಗಲಿಲ್ಲ. ಬೇರೆ ಹುಡುಕ್ತಾ ಹುಲ್ಲಿನ ಅಂಚಿನಲ್ಲಿ ಇನ್ನೊಂದು ಹತ್ತು ಹೆಜ್ಜೆ ಮುಂದೆ ಹೋದೆ.

ಆಗ ಸಮವಸ್ತ್ರ ಹಾಕಿದ ಒಬ್ಬಾತ ಹತ್ತಿರ ಬಂದ. ಬೈತಾನೆ ಅಂದ್ಕೊಂಡೆ. ಹುಲ್ಲಿನ ಮೇಲೆ ಚೆಂಡು ಬರುತ್ತೆ, ಇಲ್ಲಿ ಬೇಡ, ಸಮುದ್ರಕ್ಕೆ ಹೋಗೋದಾದ್ರೆ ದಾರಿ ಅಲ್ಲಿದೆ ಅಂತ ಕೈ ತೋರಿಸಿದ. ಅಲ್ಲೊಂದು ಚಿಕ್ಕ ಫಲಕ. ಅಲೆ, ಅದರ ಮೇಲೆ ಬರಿಗಾಲಿನ ಒಂದು ಹೆಜ್ಜೆ ಗುರುತು. ಕಡಲಿಗೆ ಹೋಗೋಕೆ ಎಲ್ಲರಿಗೂ ಹಕ್ಕಿದೆ ಅಂತ ಹೇಳೋಕೆ ಆ ರಾಜ್ಯ ಹಾಕಿರೋ ಗುರುತು ಅದು. ಆ ದಾರಿ ಹಿಡಿದು ಸ್ಟಿಲ್‌ವಾಟರ್ ಕೋವ್ ಅನ್ನೋ ಪುಟ್ಟ ಕೊಲ್ಲಿಗೆ ಇಳಿದೆವು. ಮೇಲೆ ಐವತ್ತು ಸಾವಿರ ಕೊಟ್ಟವರು, ಕೆಳಗೆ ಏನೂ ಕೊಡದ ನಾವಿಬ್ಬರು, ನಮ್ಮ ಹಾಗೇ ಬಂದ ಒಂದು ಮೆಕ್ಸಿಕನ್ ಕುಟುಂಬ. ನೋಡ್ತಿದ್ದದ್ದು ಮಾತ್ರ ಒಂದೇ ಸಮುದ್ರ.

ರೂಮಿಗೆ ಬಂದು ಓದ್ತಾ ಕೂತೆ. ಇಂಜಿನಿಯರ್ ಬುದ್ಧಿ, ಒಂದು ಬಗ್ ಸಿಕ್ಕಿದ್ರೆ ಬೇರಿನ ತನಕ ಹೋಗದೆ ನಿದ್ದೆ ಬರಲ್ಲ. ಕ್ಯಾಲಿಫೋರ್ನಿಯಾದಲ್ಲಿ 1972ರಲ್ಲಿ ಜನ ಮತ ಹಾಕಿ ಕರಾವಳಿ ಕಾಯೋಕೆ ಒಂದು ಆಯೋಗ ಮಾಡ್ಕೊಂಡರು, 1976ರಲ್ಲಿ ಅದಕ್ಕೆ ಕಾಯ್ದೆ ಬಂತು. ಅಲೆ ತೊಯ್ಯಿಸೋ ಮರಳು ಯಾರಪ್ಪನದ್ದೂ ಅಲ್ಲ, ಅಲ್ಲಿಗೆ ಹೋಗೋ ದಾರಿ ಮುಚ್ಚಬಾರದು ಅನ್ನೋದು ಅದರ ಜೀವಾಳ. ಈ ಕಾಯ್ದೆಯ ಪರೀಕ್ಷೆ ಪೆಬಲ್ ಬೀಚಲ್ಲೇ ಆಯ್ತು. 1990ರಲ್ಲಿ ಮಿನೋರು ಇಸುತಾನಿ ಅನ್ನೋ ಜಪಾನಿನ ಉದ್ಯಮಿ 800 ಮಿಲಿಯನ್ ಡಾಲರ್‌ಗೂ ಹೆಚ್ಚು ಕೊಟ್ಟು ಇಡೀ ಆಸ್ತಿ ಕೊಂಡ. ಹಾಕಿದ ದುಡ್ಡು ತೆಗೀಬೇಕಲ್ಲ, ಲಕ್ಷಗಟ್ಟಲೆ ಡಾಲರ್‌ಗೆ ಮೆಂಬರ್‌ಶಿಪ್ ಮಾರೋಣ ಅಂತ ಹೊರಟ. ಹಾಗಾದರೆ ಹೊರಗಿನವರು ಆಡೋಕೆ ಜಾಗವೇ ಉಳಿಯಲ್ಲ ಅಂತ ಊರವರೂ ಆಟಗಾರರೂ ಎದ್ದು ನಿಂತರು. ಆಯೋಗ ಅಡ್ಡ ಬಂತು. ಯೋಜನೆ ಬಿತ್ತು. 1992ರಲ್ಲಿ ಆತ ಸುಮಾರು 500 ಮಿಲಿಯನ್‌ಗೆ ಮಾರಿ ಹೋದ. ಜಗತ್ತಿನ ಅತ್ಯಂತ ಚೆಂದದ ನೋಟಗಳಲ್ಲೊಂದಕ್ಕೆ ಪೂರ್ತಿ ಬೇಲಿ ಹಾಕೋಕಾಗದೆ ಒಬ್ಬ ಕಳೆದುಕೊಂಡದ್ದು ಮುನ್ನೂರು ಮಿಲಿಯನ್ ಡಾಲರ್!

ಹಾಗಂತ ಅಮೆರಿಕನ್ನರನ್ನು ಹೊಗಳೋಕೆ ಹೊರಟಿಲ್ಲ. ಅದೇ ಸ್ಟಿಲ್‌ವಾಟರ್ ಕೋವ್ ದಡದಲ್ಲಿ 19ನೇ ಶತಮಾನದಲ್ಲಿ ಚೀನೀ ಮೀನುಗಾರರ ಗುಡಿಸಲುಗಳಿದ್ದವು. ಅದಕ್ಕೂ ಮುಂಚೆ ಮೂಲನಿವಾಸಿಗಳ ನೆಲ. ಗಾಲ್ಫ್ ಬರೋ ಹೊತ್ತಿಗೆ ಇಬ್ಬರೂ ಅಲ್ಲಿರಲಿಲ್ಲ. ಅವರ ದಾರಿ ಕಾಯೋಕೆ ಯಾವ ಆಯೋಗವೂ ಇರಲಿಲ್ಲ.

ಆ ರಾತ್ರಿ ಓದಿದ್ದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು. ಗಾಲ್ಫ್ ಹುಟ್ಟಿದ್ದೇ ಗೋಮಾಳದಲ್ಲಿ. ಸ್ಕಾಟ್ಲೆಂಡಿನಲ್ಲಿ ಸಮುದ್ರಕ್ಕೂ ಹೊಲಕ್ಕೂ ನಡುವೆ ಉಳುಮೆಗೆ ಬಾರದ ಮರಳು ದಿಬ್ಬದ ಹುಲ್ಲುಗಾವಲಿರುತ್ತೆ. ಅದಕ್ಕೆ 'ಲಿಂಕ್ಸ್' ಅಂತಾರೆ. ಕುರಿ, ಮೊಲ ಮೇಯ್ದು ಮೇಯ್ದು ಹುಲ್ಲು ನುಣ್ಣಗಾಗಿರ್ತಿತ್ತು, ಅಲ್ಲಿ ಊರವರು ಕೋಲು ಹಿಡಿದು ಚೆಂಡು ಹೊಡೆಯೋರು. ಸೇಂಟ್ ಆಂಡ್ರೂಸ್ ಅನ್ನೋ ಊರಿನ ಲಿಂಕ್ಸ್ ಮೇಲೆ ಊರವರಿಗೆ ಆಡೋ ಹಕ್ಕಿದೆ ಅಂತ 1552ರಷ್ಟು ಹಿಂದೆಯೇ ಬರವಣಿಗೆಯಲ್ಲಿದೆ. 1797ರಲ್ಲಿ ಸಾಲ ಮಾಡ್ಕೊಂಡ ಪುರಸಭೆ ಆ ನೆಲವನ್ನ ಮಾರಿತು, ಕೊಂಡ ವ್ಯಾಪಾರಿಗಳು ಮೊಲ ಸಾಕಣೆಗಿಳಿದರು. ಮೈದಾನದ ತುಂಬ ಬಿಲ. ದಶಕಗಳ ಕಾಲ ಜಗಳ, ಕೋರ್ಟು. ಕೊನೆಗೆ 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅದು ಮತ್ತೆ ಊರಿನ ಕೈಗೆ ಬಂತು. ಇವತ್ತಿಗೂ ಅಲ್ಲಿನ ಹಳೇ ಮೈದಾನದಲ್ಲಿ, ದೊಡ್ಡ ಪಂದ್ಯಗಳಿದ್ದಾಗ ಬಿಟ್ಟರೆ, ಭಾನುವಾರ ಗಾಲ್ಫ್ ಇಲ್ಲ. ಅವತ್ತು ಅದು ಊರವರ ಪಾರ್ಕು. ನಾಯಿ ಕರ್ಕೊಂಡು ಬರ್ತಾರೆ, ಮಕ್ಕಳು ಓಡಾಡ್ತವೆ. ಜಗತ್ತಿನ ಗಾಲ್ಫ್ ಆಟಗಾರರೆಲ್ಲ ಕಾಶಿ ಅಂತ ನಂಬೋ ಜಾಗದಲ್ಲಿ ವಾರಕ್ಕೊಂದು ದಿನ ಯಾವನೋ ಅಜ್ಜ ಬೀಡಿ ಸೇದ್ಕೊಂಡು ಅಡ್ಡಾಡಬಹುದು.

ಗೋಮಾಳ ಅನ್ನೋ ಪದ ನನ್ನ ತಲೆಯಲ್ಲಿ ಬಂದದ್ದೇ ತಡ, ಸಿಟ್ಟು ತಿರುಗಿ ನನ್ನ ಕಡೆಗೇ ಬಂತು. ಯಾಕಂದ್ರೆ ನಾನು ಓದಿದ್ದು ಗೋಮಾಳದ ದುಡ್ಡಲ್ಲಿ.

ಸಿಟಿಯಲ್ಲೇ ಹುಟ್ಟಿದವರಿಗೆ ಎರಡು ಮಾತು. ಗೋಮಾಳ ಅಂದ್ರೆ ಊರಿನ ದನಕರು ಮೇಯೋಕೆ ಬಿಟ್ಟಿರೋ ಸರ್ಕಾರಿ ನೆಲ. ನೂರು ರಾಸುಗಳಿಗೆ 30 ಎಕರೆ ಇರಬೇಕು ಅಂತ 1966ರ ಕರ್ನಾಟಕ ಭೂ ಕಂದಾಯ ನಿಯಮಗಳಲ್ಲಿದೆ. ಆ ನೆಲವನ್ನ ಹುಕುಂ ಇಲ್ಲದೆ ಉಳೋದಕ್ಕೆ ಬಗರ್ ಹುಕುಂ ಸಾಗುವಳಿ ಅಂತಾರೆ. ಉಳ್ತಾ ಇದ್ದವರು ಸಕ್ರಮ ಮಾಡಿಸ್ಕೊಳ್ಳೋಕೆ 1991ರಲ್ಲಿ ಫಾರಂ 50, ಆಮೇಲೆ ಫಾರಂ 53, 2018ರಲ್ಲಿ ಫಾರಂ 57. ನಮ್ಮಪ್ಪ ಫಾರಂ 50ರ ಗಿರಾಕಿ. ಊರ ಗೋಮಾಳದ ಅಂಚಿನಲ್ಲಿ ಎರಡು ಎಕರೆ ಹತ್ತು ಗುಂಟೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಸಾಗುವಳಿ ಚೀಟಿ ಸಿಕ್ತು. ಅವತ್ತು ಮನೆಯಲ್ಲಿ ಪಾಯಸ ಮಾಡಿದ್ರು, ನೆನಪಿದೆ.

ಅಪ್ಪ ಕಲ್ಲು ಆರಿಸಿದ, ಸುತ್ತ ಕತ್ತಾಳೆ ನೆಟ್ಟ, ಮುಳ್ಳು ಹೊಡೆದ. ಕಡ್ಲೇಕಾಯಿ ಹಾಕಿದ. ಮಳೆ ಬಂದ ವರ್ಷ ನನ್ನ ಹಾಸ್ಟೆಲ್ ಫೀಸು, ಮಳೆ ಬರದ ವರ್ಷ ಅದೇ ಪಹಣಿ ಇಟ್ಟು ಸೊಸೈಟಿ ಸಾಲ. ನನ್ನ ಬಿಇ ಡಿಗ್ರಿ ಸರ್ಟಿಫಿಕೇಟನ್ನ ಹಿಂಡಿದ್ರೆ ಕಡ್ಲೇಕಾಯಿ ಎಣ್ಣೆ ಬರುತ್ತೆ.

ಅಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿತ್ತು. ಬಡವನ ಮಗ, ಕಷ್ಟಪಟ್ಟ ಅಪ್ಪ, ಲಿಂಕ್ಡ್‌ಇನ್‌ಗೆ ಹೇಳಿ ಮಾಡಿಸಿದ ಪೋಸ್ಟು. ಆದ್ರೆ ಬೇಲಿಯ ಆ ಕಡೆ ಒಬ್ಬರಿದ್ದರು. ನಮ್ಮೂರ ಪಕ್ಕದ ಗೊಲ್ಲರಹಟ್ಟಿಯ ಅಜ್ಜ. ಎಂಬತ್ತು-ತೊಂಬತ್ತು ಕುರಿ. ಹೆಸರು ಹಿಡಿದು ಯಾರೂ ಕರೀತಿರಲಿಲ್ಲ, ಎಲ್ಲರಿಗೂ ಕುರಿಯಜ್ಜ. ಅವರ ಮಂದೆ ದಿನಾ ಬೆಳಗ್ಗೆ ಗೋಮಾಳ ಹಾದು ಕೆರೆ ಕಡೆ ಹೋಗೋದು. ಬೇಲಿ ಬಿದ್ದ ಮಾರನೇ ದಿನ ನಾನು ಅಪ್ಪನ ಜೊತೆ ಅಲ್ಲೇ ಇದ್ದೆ. ಮಂದೆ ಬಂತು, ಮುಂದಿನ ಟಗರು ಕತ್ತಾಳೆ ಮೂಸಿ ನಿಂತಿತು. ಅಜ್ಜ ನಮ್ಮ ಕಡೆ ನೋಡಿದರು. ಏನೂ ಅನ್ನಲಿಲ್ಲ. ನಾಲಿಗೆಯಲ್ಲಿ ಟುರ್ರ್ ಅಂತ ಸದ್ದು ಮಾಡಿ ಮಂದೆ ತಿರುಗಿಸಿ ಏರಿ ಬಳಸಿ ಹೋದರು. ಅಪ್ಪ ತಲೆ ಎತ್ತಲಿಲ್ಲ, ಆರಿಸೋಕೆ ಕಲ್ಲೇ ಇಲ್ಲದ ಕಡೆ ಕಲ್ಲು ಆರಿಸ್ತಾ ಇದ್ದ.

ನಮ್ಮದೊಂದೇ ಬೇಲಿಯಲ್ಲ. ಆ ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರು ಹಾಕಿದರು. ನಾನು ಹೈಸ್ಕೂಲ್ ಮುಗಿಸೋ ಹೊತ್ತಿಗೆ ಗೋಮಾಳದಲ್ಲಿ ಉಳಿದದ್ದು ಬರೀ ಬಂಡೆ ಜಾಗ. ಅಜ್ಜ ಮಂದೆ ಮಾರಿದರು. ಅವರ ಮಗ ತುಮಕೂರಿನಲ್ಲಿ ಎಲ್ಲೋ ವಾಚ್‌ಮನ್ ಕೆಲಸಕ್ಕೆ ಸೇರಿದ.

ಇಸುತಾನಿಗೂ ನಮ್ಮಪ್ಪನಿಗೂ ಏನು ವ್ಯತ್ಯಾಸ? ಇದೆ, ತುಂಬಾ ಇದೆ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾಮೂಹಿಕ ಜಾಗ ಒತ್ತುವರಿ ಮಾಡಿದವರನ್ನ ತೆರವು ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದಾಗಲೂ, ಭೂಹೀನ ಕೂಲಿಗಳಂಥವರ ವಿಷಯದಲ್ಲಿ ಮಾತ್ರ ಸಕ್ರಮಕ್ಕೆ ಜಾಗ ಬಿಟ್ಟಿತ್ತು. ಹಸಿವಿಗೂ ದುರಾಸೆಗೂ ನ್ಯಾಯದ ತಕ್ಕಡಿಯಲ್ಲಿ ಒಂದೇ ತೂಕ ಅಲ್ಲ. ನಾನು ಇದನ್ನ ಪೂರ್ತಿ ನಂಬ್ತೀನಿ. ಆದ್ರೆ ಕತ್ತಾಳೆ ಮೂಸಿ ನಿಂತ ಟಗರಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ನಮ್ಮ ಅಗತ್ಯ ಎಷ್ಟೇ ನಿಜವಾಗಿದ್ರೂ ಅದರ ಬಿಲ್ಲು ಕಟ್ಟಿದವರು ನಾವಲ್ಲ, ಕುರಿಯಜ್ಜ. ಅವರಿಗೂ ಅಗತ್ಯ ಇತ್ತು. ಅದನ್ನ ತುಂಬೋಕೆ ಯಾವ ಫಾರಂ ನಂಬರೂ ಇರಲಿಲ್ಲ.

ಇದೇ ಗಣಿತ ದೊಡ್ಡ ಪ್ರಮಾಣದಲ್ಲಿ ನೋಡ್ಬೇಕಂದ್ರೆ ಪಾವಗಡಕ್ಕೆ ಹೋಗಿ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್, 2,050 ಮೆಗಾವಾಟ್. ಜಮೀನು ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದ ಸೀಮೆಯ ರೈತನಿಗೆ ಅದು ಕಮ್ಮಿ ಅಲ್ಲ, ಬೈಯೋಕೆ ನನಗೆ ಬಾಯಿಲ್ಲ. ಆದ್ರೆ ಆ ಬೀಳು ಹೊಲಗಳಲ್ಲಿ ಕುರಿ ಮೇಯಿಸ್ತಿದ್ದವರ ಹೆಸರು ಪಹಣಿಯಲ್ಲಿಲ್ಲ, ಆದ್ದರಿಂದ ಗುತ್ತಿಗೆ ಚೆಕ್ಕಿನಲ್ಲೂ ಇಲ್ಲ.

ನಮ್ಮ ಕಡೆ ಹಳೇ ಪದ್ಧತಿ ಇನ್ನೊಂದಿತ್ತು, ಈಗಲೂ ಅಲ್ಲಲ್ಲಿ ಇದೆ. ಫಸಲು ಎತ್ತೋ ತನಕ ಹೊಲ ನಿನ್ನದು, ಎತ್ತಿದ ಮೇಲೆ ಎಲ್ಲರದ್ದು. ಕೂಳೆ ಮೇಯೋಕೆ ಯಾರ ದನ ಬಂದರೂ ಕೇಳೋ ಹಾಗಿಲ್ಲ. ಅಷ್ಟೇ ಅಲ್ಲ, ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ರೆ ಗೊಬ್ಬರ ಆಗುತ್ತೆ ಅಂತ ರೈತನೇ ಕುರಿಯವರಿಗೆ ಕಾಳೋ ದುಡ್ಡೋ ಕೊಡ್ತಿದ್ದ. ಸೇಂಟ್ ಆಂಡ್ರೂಸಿನ ಭಾನುವಾರದ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಇದು. ನಮಗೆ ಆಸ್ತಿ ಅಂದ ತಕ್ಷಣ ಒಂದು ಬಾಗಿಲು ಕಣ್ಣ ಮುಂದೆ ಬರುತ್ತೆ: ತೆರೆದಿರುತ್ತೆ, ಇಲ್ಲಾ ಮುಚ್ಚಿರುತ್ತೆ. ಅಪಾರ್ಟ್‌ಮೆಂಟಿನಲ್ಲಿ ಇದ್ದು ಇದ್ದು ಇನ್ನೂ ಹಾಗಾಗಿದೆ, ಲಿಫ್ಟಿಗೂ ಕಾರ್ಡು ಬೇಕು. ಆದ್ರೆ ಎರಡೂ ಅಲ್ಲದ ಒಡೆತನ ಇದೆ. ನಿನ್ನದು ಹೌದು, ಆದ್ರೆ ಇಂಥ ಹೊತ್ತಿನಲ್ಲಿ, ಇಂಥ ದಾರಿಯಲ್ಲಿ ಬೇರೆಯವರೂ ಬರಬಹುದು. ಮಧುಗಿರಿಯ ಶಾನುಭೋಗರಿಗೂ ಸ್ಕಾಟ್ಲೆಂಡಿನ ಪುರಸಭೆಯವರಿಗೂ ಇದು ಗೊತ್ತಿತ್ತು. ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ ಅನ್ಸುತ್ತೆ.

ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, ಬ್ರೋಕರ್ ಒಬ್ಬ ಫೋನ್ ಮಾಡ್ತಾ ಇದಾನೆ.

ಅಪ್ಪನಿಗೆ ವಯಸ್ಸಾಯ್ತು, ಮೂರು ವರ್ಷದಿಂದ ಆ ಎರಡು ಎಕರೆ ಬೀಳು. ಪರಭಾರೆ ಮಾಡಬಾರದು ಅನ್ನೋ ಅವಧಿ ಮುಗಿದಿದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ನಮ್ಮ ಹೊಲದಲ್ಲಿ ನಿಂತ್ರೆ ಮಧುಗಿರಿಯ ಏಕಶಿಲಾ ಬೆಟ್ಟ ಪೂರ್ತಿ ಕಾಣುತ್ತೆ. ಸಂಜೆ ಬಿಸಿಲಿಗೆ ಬಂಡೆ ಹಿತ್ತಾಳೆ ಕೊಡದ ಹಾಗೆ ಹೊಳೆಯುತ್ತೆ. ಬ್ರೋಕರ್ ಅದನ್ನ 'ಹಿಲ್ ವ್ಯೂ' ಅಂತಾನೆ. ಅಕ್ಕಪಕ್ಕದ ಜಮೀನೂ ಸೇರಿಸಿ ಫಾರ್ಮ್ ಪ್ಲಾಟ್ ಮಾಡ್ತಾರಂತೆ. ಕಾಂಪೌಂಡು, ಗೇಟು, ಒಳಗೆ ಲಾನು. "ಸಾರ್, ಮಿನಿ ಗಾಲ್ಫ್ ಕೂಡ ಪ್ಲಾನ್‌ನಲ್ಲಿದೆ," ಅಂದ. ದೇವರಾಣೆ, ಹಾಗೇ ಅಂದ.

ಅವನು ಹೇಳಿದ ಮೊತ್ತಕ್ಕೆ ನನ್ನ ಹೋಮ್ ಲೋನಿನ ದೊಡ್ಡ ಪಾಲು ತೀರುತ್ತೆ. ಮಾರಲ್ಲ ಅಂತ ಎದೆ ತಟ್ಟಿ ಹೇಳೋ ಧೈರ್ಯ ನನಗಿಲ್ಲ, ಇಎಂಐ ಕಟ್ಟೋ ಯಾರಿಗೂ ಇರಲ್ಲ. ಆದ್ರೆ ಮಾರಿದ್ರೆ ಒಂದು ವಿಷಯ ಖಂಡಿತ: ಅಪ್ಪನ ಹೆಸರಲ್ಲಿ ಹಸಿವಿನ ನೆಪ ಇನ್ನು ಹೇಳೋಕಾಗಲ್ಲ. ಊರ ಹುಲ್ಲು ನಮಗೆ ಬಂದದ್ದು ಉಣ್ಣೋಕೆ ಇಲ್ಲ ಅಂತ. ಈಗ ಅದನ್ನೇ ನೋಟಕ್ಕೆ ಮಾರಿದ್ರೆ, ನಾನು ಸೀದಾ ಇಸುತಾನಿಯ ಪಕ್ಕದ ಕುರ್ಚಿಯಲ್ಲಿ ಕೂತ ಹಾಗೆ. ಅವನಾದ್ರೂ ದುಡ್ಡು ಕೊಟ್ಟು ಕೊಂಡಿದ್ದ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಹತ್ರ ಒಂದು ಮಾತು ಕೇಳಿದೆ. ಮಾರೋದು ಬಿಡೋದು ಆಮೇಲೆ, ಹೆಂಗೂ ಬೀಳು ಬಿದ್ದೈತೆ, ಕೆರೆ ಕಡೆ ಬೇಲಿಯಲ್ಲಿ ಒಂದು ಗಂಡಿ ಬಿಡೋಣ್ವಾ, ಹಟ್ಟಿಯವರ ಕುರಿ ಹಾದು ಹೋಗ್ಲಿ?

ಅಪ್ಪ ತುಂಬಾ ಹೊತ್ತು ಎಲೆಅಡಿಕೆ ಜಗಿದ. "ನಿಂಗೆ ಗೊತ್ತಾಗಲ್ಲ ಕಣ್ಲಾ. ಒಂದ್ಸಲ ಬಿಟ್ರೆ ಅದು ದಾರಿ ಆಯ್ತದೆ. ನಾಳೆ ನಾವು ಮುಚ್ತೀವಿ ಅಂದ್ರೆ ಪಂಚಾಯ್ತಿ ಸೇರ್ತದೆ. ಕೊಳ್ಳೋನೂ ಬರಲ್ಲ."

ಓದಿಲ್ಲದ ಅಪ್ಪ ಕಾನೂನನ್ನ ಸರಿಯಾಗೇ ಹೇಳಿದ್ದ. ಕ್ಯಾಲಿಫೋರ್ನಿಯಾದ ಕೋರ್ಟುಗಳೂ 1970ರಲ್ಲಿ ಅದನ್ನೇ ಹೇಳಿದ್ದವು: ಜನ ವರ್ಷಗಟ್ಟಲೆ ನಡೆದ ಕಡಲದಾರಿ ಜನರದ್ದಾಗುತ್ತೆ ಅಂತ. ಆ ತೀರ್ಪಿನ ಭಯಕ್ಕೆ ಎಷ್ಟೋ ಜನ ಜಮೀನುದಾರರು ಇರೋ ದಾರಿಗೂ ಬೇಲಿ ಹಾಕಿದರಂತೆ. ಅಪ್ಪನ ಭಯವೂ ಅದೇ ಜಾತಿಯದ್ದು.

"ಅದು ಮೊದ್ಲು ದಾರೀನೇ ಅಲ್ವೇನಪ್ಪಾ," ಅಂದೆ.

ಅಪ್ಪ ಎದ್ದು ಹೋಗಿ ಉಗಿದು ಬಂದ. ಬೇರೆ ಮಾತು ತೆಗೆದ.

ಹೋದ ತಿಂಗಳು ಅಮ್ಮನ ಕಣ್ಣಿನ ಆಪರೇಷನ್‌ಗೆ ಅಂತ ಮತ್ತೆ ಹೋಗಿದ್ದೆ. ಸಂಜೆ ಹೊಲದ ಕಡೆ ನಡೆದೆ. ಕೆರೆ ಕಡೆಯ ಬೇಲಿಯಲ್ಲಿ ಎರಡು ಕತ್ತಾಳೆ ಬುಡ ಸಮೇತ ಕಿತ್ತು ಪಕ್ಕಕ್ಕೆ ಹಾಕಿತ್ತು. ಕುರಿಗಳ ಗೊರಸು ಮೂಡಿತ್ತು, ಹಿಕ್ಕೆ ಬಿದ್ದಿತ್ತು. ಮನೆಗೆ ಬಂದು ಕೇಳಿದ್ದಕ್ಕೆ ಅಪ್ಪ ಟೀವಿ ಮೇಲಿಂದ ಕಣ್ಣು ತೆಗೀಲಿಲ್ಲ.

"ಬೀಳು ಹೊಲಕ್ಕೆ ಒಂಚೂರು ಗೊಬ್ಬರ ಬೀಳ್ಲಿ ಅಂತ ಬಿಟ್ಟಿದೀನಿ, ಅಷ್ಟೇಯ. ದಾರಿ ಗೀರಿ ಅಂತ ಯಾರ್ ಹತ್ರಾನೂ ಹೇಳ್ಬೇಡ."

ನಾನು ಇಲ್ಲಿ ಬರೆದುಬಿಟ್ಟಿದೀನಿ. ಅಪ್ಪ ಬ್ಲಾಗ್ ಓದಲ್ಲ. ಬ್ರೋಕರ್ ಓದ್ತಾನೋ ಏನೋ. ನಿನ್ನೆಯಿಂದ ಅವನದ್ದು ನಾಲ್ಕು ಮಿಸ್ಡ್ ಕಾಲ್ ಇವೆ.